ಓದುಗರ ಪ್ರಶ್ನೆ: ಸೂಲಗಿತ್ತಿಯ ದೇವರು, ಸೂಲಗಿತ್ತಿಯ ಮನೆ

ಪ್ರಶ್ನೆ: ನಮ್ಮ ಬಡಾವಣೆಯ ಹವ್ಯಾಸಿ ತಂಡಕ್ಕೆ ನಾಟಕ ಬರೆಯುತ್ತಿದ್ದೇನೆ. 1940ರ ಆಸುಪಾಸು, ಆನೇಕಲ್ ಕಡೆಯ ಒಬ್ಬ ಸೂಲಗಿತ್ತಿಯ ಕತೆ. ಹೆರಿಗೆಯ ದೃಶ್ಯ ಎಂದರೆ ಆಕೆ ಕೈಮುಗಿದು ದೇವರನ್ನು ಬೇಡುವುದು, ಹೊರಗೆ ಗಂಡಸರು ಶತಪಥ ತಿರುಗುವುದು, ಇಷ್ಟೇ ಹೊಳೆಯುತ್ತಿದೆ. ನಿಜಕ್ಕೂ ಆಕೆ ಏನೇನು ಮಾಡುತ್ತಿದ್ದಳು? ದೇವರು ಎಲ್ಲಿ ಬರುತ್ತಿದ್ದ?
— ಓದುಗರು, ಬಸವನಗುಡಿ

ಉತ್ತರ: ಕೈಮುಗಿದು ನಿಲ್ಲುವುದಕ್ಕೆ ಆಕೆಗೆ ಕೈ ಬಿಡುವಿರುತ್ತಿರಲಿಲ್ಲ. ದೇವರ ಕೆಲಸ ಹೊಸ್ತಿಲಲ್ಲೇ ಮುಗಿಯುತ್ತಿತ್ತು. ಮನೆದೇವರ ಹೆಸರು ಹೇಳಿ, ಒಂದು ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿಸಿ, ಮುಡಿಪು ಎಂದು ತೆಗೆದಿಡಿಸುವುದು. ಆ ಒಂದು ಗಂಟು ಬಿದ್ದ ಮೇಲೆ ಮನೆಯಲ್ಲಿರುವ ಮಿಕ್ಕ ಗಂಟುಗಳೆಲ್ಲ ಬಿಚ್ಚಬೇಕು: ಬಸುರಿಯ ತುರುಬು, ಪೆಟ್ಟಿಗೆಯ ಬೀಗ, ಮೂಟೆಯ ಬಾಯಿ, ಪಾತ್ರೆಯ ಮುಚ್ಚಳ. ಇದರಿಂದ ಹೆರಿಗೆ ಸಲೀಸಾಗುತ್ತದೆ ಎಂಬ ನಂಬಿಕೆ ಒಂದು ಕಡೆಗಿರಲಿ, ಕೈಕಾಲು ಆಡದೆ ನಿಂತ ಅತ್ತೆ, ನಾದಿನಿಯರಿಗೆ ಒಂದು ಕೆಲಸ ಸಿಕ್ಕಿ ಕೋಣೆ ಖಾಲಿಯಾಗುತ್ತಿತ್ತು. ನಿಮ್ಮ ದೃಶ್ಯ ಇಲ್ಲಿಂದ ಶುರುವಾಗಲಿ.

ಒಳಗೆ ಹೋದ ಮೇಲೆ ಮೊದಲು ನೋಡುವುದು ಬೇನೆ ನಿಜವೋ ಸುಳ್ಳೋ ಎಂದು. ಬಿಸಿ ಜೀರಿಗೆ ಕಷಾಯ ಕುಡಿಸಿ ಸ್ವಲ್ಪ ಹೊತ್ತು ಮಲಗಿಸಿದರೆ ಸುಳ್ಳು ಬೇನೆ ಇಳಿದುಹೋಗುತ್ತದೆ. ನಿಜವಾದ್ದು ಸೊಂಟದ ಹಿಂದಿನಿಂದ ಹೊರಟು ಮುಂದಕ್ಕೆ ಸುತ್ತಿ ಬರುತ್ತದೆ. ಬರಬರುತ್ತ ಬೇಗ ಬೇಗ ಬರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ, ಮಲಗಿದರೂ ನಡೆದರೂ ಬಿಡುವುದಿಲ್ಲ. ಆಮೇಲೆ ಅಂಗೈಗೆ ಹರಳೆಣ್ಣೆ ಸವರಿಕೊಂಡು ಹೊಟ್ಟೆ ಮುಟ್ಟಿ ನೋಡುವುದು. ಗಟ್ಟಿಯಾಗಿ ದುಂಡಗಿರುವುದು ತಲೆ, ಅದು ಕೆಳಗಿರಬೇಕು. ಅದೇ ಮೇಲೆ ಪಕ್ಕೆಲುಬಿನ ಹತ್ತಿರ ಸಿಕ್ಕಿದರೆ ಮಗು ಕುಂಡೆಯೋ ಕಾಲೋ ಮುಂದಾಗಿ ಬರುತ್ತದೆ. ತಲೆ ಯಾವುದಾದರೂ ಒಂದು ಪಕ್ಕದಲ್ಲಿ ಸಿಕ್ಕಿದರೆ ಅಡ್ಡ ಮಗು. ಅಡ್ಡಲಾಗಿಯೇ ಉಳಿದ ತುಂಬು ತಿಂಗಳ ಮಗು ತಾನಾಗಿ ಹುಟ್ಟಲಾರದು. ಬಲ್ಲ ಸೂಲಗಿತ್ತಿ ಅಲ್ಲಿಗೇ ಎದ್ದು ಗಾಡಿ ಕಟ್ಟಿಸುತ್ತಿದ್ದಳು.

ಚೊಚ್ಚಲು ಹೆರಿಗೆ 12 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹೊರಗಿನವರು ಅವಸರ ಮಾಡುವುದು ಈ ಹೊತ್ತಿನಲ್ಲೇ. ಗರ್ಭದ ಬಾಯಿ ಪೂರ್ತಿ ತೆರೆಯುವ ಮೊದಲೇ ‘ತಿಣುಕು, ತಿಣುಕು’ ಎಂದರೆ ಆ ಬಾಯಿ ಊದಿಕೊಳ್ಳುತ್ತದೆ, ಹೆರುವವಳ ಶಕ್ತಿ ಮುಗಿದುಹೋಗುತ್ತದೆ, ನಿಜವಾಗಿ ಬೇಕಾದಾಗ ಉಸಿರೇ ಇರುವುದಿಲ್ಲ. ಹೀಗಾಗಿ ಒಳ್ಳೆಯ ಸೂಲಗಿತ್ತಿಯ ಬಾಯಲ್ಲಿ ಹೆಚ್ಚು ಬರುತ್ತಿದ್ದ ಮಾತು ‘ತಡಿಯವ್ವ’. ಮಲಗಿಸಿ ಹೆರಿಸುವುದು ಆಗಿನ ಪದ್ಧತಿಯಲ್ಲ. ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದರು, ಹಿಂದಿನಿಂದ ಒಬ್ಬಳು ಕಂಕುಳಿಗೆ ಕೈ ಕೊಟ್ಟಿರಬೇಕು. ಕುಕ್ಕರುಗಾಲಲ್ಲಿ ಕೂತಾಗ ಮಗು ಬರುವ ದಾರಿ ಅಗಲವಾಗುತ್ತದೆ. ತಲೆ ಕಾಣಿಸಿದಾಗ ಹಳೆಯ ಮೆತ್ತನೆ ಬಟ್ಟೆಯನ್ನು ಅಂಗೈಗೆ ಹಾಕಿಕೊಂಡು ಕೆಳಗಿನಿಂದ ಆನಿಸಿ ಹಿಡಿಯುತ್ತಿದ್ದಳು. ತಲೆ ನಿಧಾನಕ್ಕೆ ಬಂದರೆ ಹರಿಯುವುದು ಕಡಿಮೆ. ತಲೆ ಬಂದೊಡನೆ ಕತ್ತಿನ ಸುತ್ತ ಬೆರಳಾಡಿಸಿ, ಹೊಕ್ಕುಳಬಳ್ಳಿ ಸುತ್ತಿದ್ದರೆ ತಲೆಯ ಮೇಲಿಂದ ಜಾರಿಸಿ ತೆಗೆಯುವುದು.

ಮಗು ಅತ್ತಿತು ಎಂದು ಹೊರಗಿನವರು ನಿಟ್ಟುಸಿರು ಬಿಟ್ಟಾಗ ಆಕೆಗೆ ಅರ್ಧ ಕೆಲಸ ಉಳಿದಿರುತ್ತದೆ. ಮಾಸು (ಜರಾಯು) ಬೀಳಬೇಕು. ಬಹುಪಾಲು ಅರ್ಧ ಗಂಟೆಯೊಳಗೆ ಬೀಳುತ್ತದೆ. ತಡವಾದರೆ ಮಗುವನ್ನು ಎದೆಗೆ ಹಚ್ಚುವುದು ಸರಿಯಾದ ಉಪಾಯ. ಮಗು ಚೀಪಿದರೆ ಗರ್ಭಕೋಶ ಬಿಗಿಯಾಗುತ್ತದೆ. ಹೆರಿಗೆಯಾದವಳ ಜಡೆಯ ತುದಿಯನ್ನು ಅವಳ ಬಾಯಿಗೇ ತುರುಕಿ ಓಕರಿಕೆ ಬರಿಸುವುದೂ ಇತ್ತು, ಹೊಟ್ಟೆ ಹಿಂಡಿ ಮಾಸು ಜಾರಲಿ ಎಂದು. ಮಾಡಬಾರದ್ದು ಬಳ್ಳಿ ಹಿಡಿದು ಎಳೆಯುವುದು. ಎಳೆದರೆ ಮಾಸು ಹರಿದು ತುಂಡು ಒಳಗೇ ಉಳಿಯಬಹುದು, ಗರ್ಭಕೋಶವೇ ಮಗುಚಿ ಹೊರಬರಬಹುದು. ಎರಡರಲ್ಲೂ ರಕ್ತ ನಿಲ್ಲುವುದಿಲ್ಲ.

ನಾಟಕಕ್ಕೆ ಬೇಕಾದ ಒತ್ತಡ ಇಲ್ಲಿದೆ, ಲೆಕ್ಕ ಹಾಕಿ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಚಿಕಿತ್ಸೆ ಸಿಗದಿದ್ದರೆ ಸಾವಿಗೆ ಸರಾಸರಿ 2 ಗಂಟೆ ಸಾಕು. ಮಗು ಸಿಕ್ಕಿಕೊಂಡ ಹೆರಿಗೆಯಲ್ಲಾದರೆ ಸುಮಾರು 3 ದಿನ. ಹೆರಿಗೆಯ ನಂತರ ಸೋಂಕು ತಗುಲಿ ನಂಜಾದರೆ ಸುಮಾರು 6 ದಿನ. ಬೆಂಗಳೂರಿನ ಕೋಟೆಯ ಹತ್ತಿರ ವಾಣಿ ವಿಲಾಸ ಆಸ್ಪತ್ರೆ 1935ರಲ್ಲೇ ಬಾಗಿಲು ತೆರೆದಿತ್ತು. ಆನೇಕಲ್ಲಿನಿಂದ ಅಲ್ಲಿಗೆ 35 ಕಿಲೋಮೀಟರ್ ಚಿಲ್ಲರೆ. ಎತ್ತಿನ ಗಾಡಿ ಗಂಟೆಗೆ 4 ಕಿಲೋಮೀಟರ್ ನಡೆದರೆ 9 ಗಂಟೆಯ ದಾರಿ. ಅಡ್ಡ ಮಗುವಿನ ತಾಯಿಯನ್ನು ಗಾಡಿಗೆ ಹಾಕಿದರೆ ಬದುಕಿಸಬಹುದಿತ್ತು. ರಕ್ತ ಹರಿಯುತ್ತಿರುವವಳನ್ನು ಹಾಕಿದರೆ ದಾರಿಯಲ್ಲೇ ಮುಗಿಯುತ್ತಿತ್ತು. ನಿಮ್ಮ ಪಾತ್ರಕ್ಕೆ ಗಂಟೆಗಳ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ ಯಾರಿಗೆ ಗಾಡಿ, ಯಾರಿಗೆ ದೇವರು ಎಂಬುದು ಕೈಗೆ ಗೊತ್ತಿತ್ತು. ಆಕೆ ಕೈಮುಗಿಯಲೇಬೇಕು ಎಂದಿದ್ದರೆ ಅಲ್ಲಿ ಮುಗಿಸಿ.

ಪ್ರಶ್ನೆ: ನಮ್ಮಜ್ಜಿ ಹೊಸಕೋಟೆ ಕಡೆ ಸೂಲಗಿತ್ತಿಯಾಗಿದ್ದರು. ಹಬ್ಬದ ದಿನವೂ ದೇವರ ಕೋಣೆಗೆ ಬರುತ್ತಿರಲಿಲ್ಲವಂತೆ. ‘ಊರ ಮಕ್ಕಳಿಗೆಲ್ಲ ತಾಯಿ, ನಮಗೆ ಮಾತ್ರ ಇಲ್ಲ’ ಎಂದು 80 ದಾಟಿದ ನಮ್ಮ ತಂದೆ ಈಗಲೂ ಸಿಟ್ಟಾಗುತ್ತಾರೆ. ಅಷ್ಟು ಭಕ್ತಿಯ ಹೆಂಗಸು ದೇವರಿಂದ ದೂರ ಉಳಿದಿದ್ದೇಕೆ?
— ಓದುಗರು, ವಿಜಯನಗರ

ಉತ್ತರ: ಅವರು ದೂರ ಉಳಿದದ್ದಲ್ಲ, ಉಳಿಸಿದ್ದು. ಮಗು ಹುಟ್ಟಿದ ಮನೆಗೆ ಪುರುಡು. ಸಾಮಾನ್ಯವಾಗಿ 10 ದಿನ ಕಳೆದು 11ನೇ ದಿನ ಪುರುಡು ಕಳೆಯುತ್ತದೆ. ಆ ಮನೆಯವರಿಗೆ ಅದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದುಹೋಗುವ ಮೈಲಿಗೆ. ಸೂಲಗಿತ್ತಿಯ ಲೆಕ್ಕ ಬೇರೆ. ಹೆರಿಗೆ ಮಾಡಿಸಿದ ಮೇಲೂ ಬಾಣಂತಿಗೆ, ಮಗುವಿಗೆ ನೀರು ಹಾಕಲು ಆಕೆ ದಿನವೂ ಅಲ್ಲಿಗೆ ಹೋಗಬೇಕು. ಆ ಮನೆಯ ಪುರುಡು ಕಳೆಯುವ ಮೊದಲೇ ಇನ್ನೊಂದು ಮನೆಯಿಂದ ಕರೆ ಬಂದಿರುತ್ತದೆ. ಒಂದರ ಬಾಲಕ್ಕೆ ಇನ್ನೊಂದು. ತಿಂಗಳಿಗೆ ಮೂರು ಹೆರಿಗೆ ಸಿಕ್ಕಿದರೂ ಆಕೆಗೆ ಮಡಿಯ ದಿನವೇ ಉಳಿಯುವುದಿಲ್ಲ. ಹಿತ್ತಿಲಲ್ಲಿ ತಲೆಗೆ ನೀರು ಹಾಕಿಕೊಂಡು ಸೀರೆ ಬದಲಿಸಿಯೇ ಸ್ವಂತ ಮನೆಗೆ ಕಾಲಿಡುವುದು. ಹಬ್ಬದ ದಿನ ದೇವರ ದೀಪ ಹಚ್ಚುವವರು ಸೊಸೆಯೋ ಮಗಳೋ.

ಇದರ ಮೇಲೆ ಜಾತಿ. ಬಳ್ಳಿ ಕೊಯ್ಯುವುದು, ಮಾಸು ಹೂಳುವುದು ಮೈಲಿಗೆಯ ಕೆಲಸ ಎಂದು ಎಷ್ಟೋ ಊರುಗಳಲ್ಲಿ ದಲಿತ ಹೆಂಗಸರಿಗೆ, ಕ್ಷೌರಿಕರ ಮನೆಯ ಹೆಂಗಸರಿಗೆ, ಅಗಸರ ಮನೆಯವರಿಗೆ ಬಿಟ್ಟಿದ್ದರು. ನಡುರಾತ್ರಿ ಒಳಕೋಣೆಯವರೆಗೂ ಬೇಕಾದವಳು ಬೆಳಗಾದ ಮೇಲೆ ಜಗಲಿಯಲ್ಲಿ ಕೂರಬೇಕು. ಆಕೆ ವಿಧವೆಯಾಗಿದ್ದರೆ ಇನ್ನೂ ವಿಚಿತ್ರ: ಮಗುವನ್ನು ಮೊದಲು ಮುಟ್ಟಲು ಆಕೆಯ ಕೈ ಆಗಬಹುದು, ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಆಗದು.

ನಿಮ್ಮ ತಂದೆಯವರ ಸಿಟ್ಟು ಸುಳ್ಳಲ್ಲ, ಅದಕ್ಕೂ ಲೆಕ್ಕವಿದೆ. ಕರೆ ಬಂದ ದಿನ ಹೊಲದ ಕೂಲಿ ಹೋಯಿತು. ಹೆರಿಗೆ ಎರಡು ರಾತ್ರಿ ಎಳೆದರೆ ಎರಡು ದಿನದ ಕೂಲಿ. ಕೊಡುತ್ತಿದ್ದದ್ದು ಮೊರದಲ್ಲಿ ಅಕ್ಕಿಯೋ ರಾಗಿಯೋ, ಬೆಲ್ಲದ ಅಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಕುಬುಸದ ಕಣ, ಉಳ್ಳವರಾದರೆ ಸೀರೆ. ಗಂಡು ಹುಟ್ಟಿದರೆ ತುಂಬುತ್ತಿದ್ದ ಮೊರ ಹೆಣ್ಣು ಹುಟ್ಟಿದರೆ ಅರ್ಧಕ್ಕೆ ಇಳಿಯುವುದೂ ಇತ್ತು, ಪಟ್ಟ ಪಾಡು ಒಂದೇ ಆದರೂ. ಮಗು ಸತ್ತರೆ ಮೊರವೂ ಇಲ್ಲ, ಜೊತೆಗೆ ‘ಅವಳ ಕೈಗುಣ ಸರಿಯಿಲ್ಲ’ ಎಂಬ ಮಾತು. ಸ್ವಂತ ಎಳೆಗೂಸನ್ನು ನೆರೆಯವರ ಮಡಿಲಿಗೆ ಹಾಕಿ ಹೋದವಳು ಎದೆ ಕಟ್ಟಿಕೊಂಡು ಬೆಳಗಿನ ಜಾವ ಮರಳುತ್ತಿದ್ದಳು. ಕರೆದರೆ ಇಲ್ಲ ಅನ್ನಬಾರದು ಎಂಬುದು ಆಕೆಯ ವ್ರತ. ಉಪವಾಸ ಬಿದ್ದವರು ಮನೆಯ ಮಕ್ಕಳು. ತಂದೆಯವರಿಗೆ ಸಮಾಧಾನ ಹೇಳಲು ಹೋಗಬೇಡಿ. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಕುಡುಗೋಲಿನಲ್ಲಿ ಬಳ್ಳಿ ಕೊಯ್ದು ಬೂದಿ ಹಚ್ಚುತ್ತಿದ್ದರಂತೆ. ಆಗಿನವರಿಗೆ ಏನೂ ಆಗುತ್ತಿರಲಿಲ್ಲ ಎನ್ನುತ್ತಾರೆ. ನಿಜವೇ?
— ಓದುಗರು, ಯಲಹಂಕ

ಉತ್ತರ: ಆಗುತ್ತಿತ್ತು; ಆದವರು ಹೇಳಲು ಉಳಿಯಲಿಲ್ಲ. ಕುಡುಗೋಲು, ಕ್ಷೌರದ ಕತ್ತಿ, ಬಿದಿರಿನ ಸಿಬಿರು, ಯಾವುದಾದರೂ ತೊಂದರೆ ಒಂದೇ: ಮಣ್ಣು, ಸಗಣಿ ಸೋಕಿದ್ದರೆ ಅದರಲ್ಲಿ ಧನುರ್ವಾಯುವಿನ ಬೀಜಾಣು ಇರಬಹುದು. ಬಳ್ಳಿ ಬೇಗ ಒಣಗಲಿ ಎಂದು ಹಚ್ಚುವ ಸಗಣಿ ಬೂದಿಯಲ್ಲೂ ಅದೇ ಅಪಾಯ. ಮೊದಲ ಎರಡು ದಿನ ಚೆನ್ನಾಗಿ ಹಾಲು ಕುಡಿದ ಮಗು ಆಮೇಲೆ, ಹೆಚ್ಚಾಗಿ ಒಂದು ವಾರದ ಹೊತ್ತಿಗೆ, ಬಾಯಿ ತೆರೆಯಲಾಗದೆ ಮೊಲೆ ಬಿಡುತ್ತದೆ. ದವಡೆ ಕಚ್ಚುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಇದನ್ನು ಬಾಲಗ್ರಹ ಎಂದುಕೊಂಡು ತಾಯಿತ ಕಟ್ಟಿಸುತ್ತಿದ್ದರು. ಹುಟ್ಟಿದ ದಿನ ಮಗು ಚೆನ್ನಾಗಿಯೇ ಇದ್ದುದರಿಂದ ಕುಡುಗೋಲಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬಸುರಿಯರಿಗೆ ಲಸಿಕೆ, ಕುದಿಸಿದ ದಾರ, ಹೊಸ ಬ್ಲೇಡು ಬಂದ ಮೇಲೆ ಇದು ಇಳಿಯಿತು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿರ್ಮೂಲನೆಯಾಗಿದೆ ಎಂದು ಭಾರತಕ್ಕೆ ಮಾನ್ಯತೆ ಸಿಕ್ಕಿದ್ದು 2015ರಲ್ಲಿ.

ಒಂದು ವಿಷಯದಲ್ಲಿ ಮಾತ್ರ ಹಳಬರ ಕೈ ಸರಿಯಿತ್ತು. ಎಷ್ಟೋ ಸೂಲಗಿತ್ತಿಯರು ಮಾಸು ಬೀಳುವವರೆಗೂ ಬಳ್ಳಿ ಕೊಯ್ಯುತ್ತಿರಲಿಲ್ಲ. ಕನಿಷ್ಠ 1 ನಿಮಿಷ ಕಾಯಬೇಕೆಂದು ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅಷ್ಟರಲ್ಲಿ ಬಳ್ಳಿಯಲ್ಲಿರುವ ರಕ್ತ ಮಗುವಿಗೆ ಸೇರುತ್ತದೆ.

ಪ್ರಶ್ನೆ: ಗುಟ್ಟಿನ ಬಸುರು ಇಳಿಸಲು ಸೂಲಗಿತ್ತಿಯರ ಹತ್ತಿರವೇ ಹೋಗುತ್ತಿದ್ದರಲ್ಲವೇ? ದೇವರಿಗೆ ಹೆದರುವವರು ಇದನ್ನು ಹೇಗೆ ಒಪ್ಪುತ್ತಿದ್ದರು?
— ಓದುಗರು, ಮಲ್ಲೇಶ್ವರ

ಉತ್ತರ: ಎಲ್ಲರೂ ಒಪ್ಪುತ್ತಿರಲಿಲ್ಲ. 1860ರ ದಂಡಸಂಹಿತೆಯಲ್ಲಿ ಅದು ಅಪರಾಧವಾಗಿತ್ತು; ಗರ್ಭಪಾತಕ್ಕೆ ಅವಕಾಶ ಕೊಟ್ಟ ಕಾನೂನು ಬಂದದ್ದು 1971ರಲ್ಲಿ, ಜಾರಿಯಾದದ್ದು 1972ರ ಏಪ್ರಿಲ್‌ನಲ್ಲಿ. ಕೇಳಿಕೊಂಡು ಬರುತ್ತಿದ್ದವರು ಹೆಚ್ಚಾಗಿ ಹುಡುಗಿಯ ತಾಯಂದಿರು, ಕತ್ತಲಾದ ಮೇಲೆ, ಹಿತ್ತಿಲ ಬಾಗಿಲಿಗೆ. ಒಪ್ಪಿದರೆ ಪಾಪ, ಒಲ್ಲೆ ಎಂದರೆ ಆ ಹುಡುಗಿ ಬಾವಿಗೆ ಬಿದ್ದಾಳು. ಗಿಡದ ಕಡ್ಡಿ ತೂರಿಸುವ ಪದ್ಧತಿ ಎಷ್ಟು ಜೀವ ತೆಗೆಯುತ್ತದೆ ಎಂದು ಕಂಡವರು ಕೈ ಹಾಕದೆ, ಹುಡುಗಿಯನ್ನು ದೂರದ ನೆಂಟರ ಮನೆಗೆ ಕಳಿಸಿ ಹೆರಿಗೆಯ ಹೊತ್ತಿಗೆ ತಾವೇ ಹೋಗುವ ದಾರಿಯೂ ಇತ್ತು. ಎರಡರಲ್ಲೂ ಬಾಯಿ ಬಿಡುವಂತಿರಲಿಲ್ಲ, ಗಂಡನ ಮುಂದೆಯೂ. ರಾತ್ರಿ ಎಲ್ಲಿಗೆ ಹೋಗಿದ್ದೆ ಎಂದರೆ ಉತ್ತರವಿಲ್ಲದ ಹೆಂಡತಿಯ ಮನೆಯಲ್ಲಿ ಏನೇನಾಗಬಹುದೋ ಊಹಿಸಿಕೊಳ್ಳಿ.

ಪ್ರಶ್ನೆ: ಆಸ್ಪತ್ರೆಗಳು ಬಂದ ಮೇಲೂ ಸೂಲಗಿತ್ತಿಯರು ಉಳಿದದ್ದು ಹೇಗೆ?
— ಓದುಗರು, ಕೆಂಗೇರಿ

ಉತ್ತರ: ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದು. ದೇಶದ ದಾಯಿಯರಿಗೆ ತರಬೇತಿ ಕೊಡಲೆಂದು ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ 1903ರಲ್ಲೇ ಶುರುವಾಗಿತ್ತು. ಆದರೂ ತರಬೇತಿಯ ನರ್ಸಮ್ಮ ಹೆರಿಗೆ ಮಾಡಿಸಿ ಹೊರಟುಬಿಡುತ್ತಾರೆ; ಸೂಲಗಿತ್ತಿ ನೀರು ಹಾಕುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಸಾಂಬ್ರಾಣಿ ಹಾಕುತ್ತಾಳೆ. ಜನ ಅವಳನ್ನು ಬಿಡದಿದ್ದುದು ಹೆಚ್ಚಾಗಿ ಈ ಬಾಣಂತನಕ್ಕೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಪ್ರಶ್ನೆ: ಸೂಲಗಿತ್ತಿಯಾಗಿದ್ದ ಮುತ್ತಜ್ಜಿಯ ಪೆಟ್ಟಿಗೆಯಲ್ಲಿ ಅರಿಶಿನ ಬಟ್ಟೆಯ ಏಳು ಗಂಟುಗಳು ಸಿಕ್ಕಿವೆ, ಒಳಗೆ ಕಾಸುಗಳಿವೆ. ಒಗೆದು ಇಡಬಹುದೇ?
— ಓದುಗರು, ಚಾಮರಾಜಪೇಟೆ

ಉತ್ತರ: ಒಗೆಯಬೇಡಿ, ಅರಿಶಿನ ಹೋಗಿಬಿಡುತ್ತದೆ; ಹಳೆಯ ನೂಲು ಹಿಂಜಿಕೊಳ್ಳುತ್ತದೆ. ಕಾಸನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಪ್ರತಿ ಗಂಟನ್ನೂ ಮೊದಲು ಇದ್ದ ಹಾಗೇ ಫೋಟೋ ತೆಗೆದುಕೊಳ್ಳಿ. ಆಮೇಲೆ ಒಂದೊಂದಾಗಿ ಬಿಚ್ಚಿ ಕಾಸಿನ ಮೇಲಿನ ಇಸವಿ ಬರೆದುಕೊಳ್ಳಿ, ಮತ್ತೆ ಅದೇ ಬಟ್ಟೆಯಲ್ಲಿಡಿ. ರಾಜನ ತಲೆಯಿದ್ದರೆ 1950ಕ್ಕೆ ಮುಂಚಿನ ಟಂಕಸಾಲೆಯದು. ನಯಾ ಪೈಸೆ ಇದ್ದರೆ ಗಂಟು ಕಟ್ಟಿದ್ದು 1957ರ ಏಪ್ರಿಲ್‌ನಿಂದ ಈಚೆಗೆ. ಕಾಸು ಹಳೆಯದಾದ ಮಾತ್ರಕ್ಕೆ ಗಂಟೂ ಅಷ್ಟೇ ಹಳೆಯದಾಗಿರಬೇಕಿಲ್ಲ.

ಹೆರಿಗೆಯ ಮುಡಿಪು ಹರಕೆ ಹೊತ್ತ ಮನೆಯಲ್ಲೇ ಉಳಿಯುತ್ತದೆ, ಸೂಲಗಿತ್ತಿ ತನ್ನ ಮನೆಗೆ ಒಯ್ಯುವುದಿಲ್ಲ. ಹಾಗಾಗಿ ಈ ಏಳೂ ನಿಮ್ಮ ಮುತ್ತಜ್ಜಿ ತಮ್ಮ ಮನೆಗೆಂದೇ ಕಟ್ಟಿಕೊಂಡವು ಇರಬೇಕು. ಹರಕೆ ತೀರಿದ್ದರೆ ಕಾಸು ಹುಂಡಿಗೆ ಬಿದ್ದು ಗಂಟು ಬಿಚ್ಚಿರುತ್ತಿತ್ತು. ಮನೆದೇವರು ಯಾವುದೆಂದು ಹಿರಿಯರನ್ನು ಕೇಳಿ. ಆಕೆಯ ಮುಡಿಪನ್ನು ವಂಶದವರು ಯಾರು ಬೇಕಾದರೂ ತೀರಿಸಬಹುದು.