ಪುಕ್ಕಟೆ ಟಿವಿ: ಯಾರಿಗೆ ಯಾವುದು?

ಪ್ರಶ್ನೆ: ಅತ್ತೆಗೆ ಕನ್ನಡ ಧಾರಾವಾಹಿ, ಮಾವನಿಗೆ ಕ್ರಿಕೆಟ್, ಮಗನಿಗೆ ಯೂಟ್ಯೂಬ್. ಕೇಬಲ್ ತೆಗೆಸಿ ಡಿಡಿ ಫ್ರೀ ಡಿಶ್ ಹಾಕಿಸಿದರೆ ಸಾಕೇ?
— ಓದುಗರು, ಡೊಂಬಿವಲಿ

ಉತ್ತರ: ಮಾವನವರಿಗೆ ಸಾಕು, ಅತ್ತೆಯವರಿಗೆ ಸಾಲದು. ಡಿಶ್, ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕಡ್ಡಿಗೆ ಸಿಕ್ಕಿಸುವ, ಸಿಗ್ನಲ್ ಹಿಡಿಯುವ ಭಾಗ), ಬಾಕ್ಸಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಆದರೆ ಖಾಸಗಿ ಚಾನೆಲ್‌ಗಳು ಅಲ್ಲಿನ ಜಾಗವನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಹರಾಜಿನಲ್ಲಿ ಕೊಳ್ಳುತ್ತವೆ. ಹಾಕಿದ ದುಡ್ಡು ಜಾಹೀರಾತಿನಿಂದಲೇ ಬರಬೇಕಾದ್ದರಿಂದ ಹಿಂದಿ ಸೀಮೆಯ ಹಳ್ಳಿ, ಸಣ್ಣ ಊರುಗಳತ್ತಲೇ ಅವುಗಳ ಕಣ್ಣು. 2019ರ ಮಾರ್ಚ್‌ನಲ್ಲಿ ದೊಡ್ಡ ಜಾಲಗಳು ತಮ್ಮ ಹಿಂದಿ ಚಾನೆಲ್‌ಗಳನ್ನು ಹಿಂದಕ್ಕೆ ಪಡೆದಾಗ ದಂಗಲ್ ಎಂಬ ಹಿಂದಿ ಚಾನೆಲ್ ಬೆಳೆದದ್ದು ಇದೇ ವೀಕ್ಷಕರಿಂದ. ಕನ್ನಡಕ್ಕೆ ದೂರದರ್ಶನದ ಚಂದನ ಇದೆ. ಖಾಸಗಿ ಧಾರಾವಾಹಿಗಳನ್ನು ನಂಬಿಕೊಂಡು ಮಾತ್ರ ಡಿಶ್ ಹಾಕಿಸಬೇಡಿ.

ಕ್ರಿಕೆಟ್‌ನ ಲೆಕ್ಕ ಬೇರೆ. ಕ್ರೀಡಾ ಪ್ರಸಾರದ 2007ರ ಕಾಯ್ದೆಯಂತೆ ಭಾರತ ಪುರುಷರ ತಂಡದ ಏಕದಿನ, ಟಿ20 ಪಂದ್ಯಗಳ ಸಿಗ್ನಲನ್ನು ದೂರದರ್ಶನಕ್ಕೂ ಕೊಡಬೇಕು. ಅದನ್ನು ಕೇಬಲ್, ಖಾಸಗಿ ಡಿಟಿಎಚ್‌ಗಳಿಗೆ ಹಂಚುವಂತಿಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿಯೇ ಫ್ರೀ ಡಿಶ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಪಂದ್ಯ ನಡೆಯುತ್ತಿರುವಾಗ ಕೇಬಲ್‌ನ ಅದೇ ಚಾನೆಲ್‌ನಲ್ಲಿ ಬೇರೇನೋ ಬರುತ್ತದೆ. ಐಪಿಎಲ್‌ಗೆ ಈ ನಿಯಮ ಇಲ್ಲ.

ಕೇಬಲ್ ಪೂರ್ತಿ ಕೀಳಿಸಬೇಡಿ. ಪ್ಯಾಕ್ ಬಿಟ್ಟು ಅತ್ತೆಯವರಿಗೆ ಬೇಕಾದ ಎರಡು ಮೂರು ಕನ್ನಡ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿ. ಆ ಹಕ್ಕು ನಿಮಗಿದೆ. ಮಗ ಹೇಗೂ ಟಿವಿ ಮುಂದೆ ಕೂರುವವನಲ್ಲ.

ಪ್ರಶ್ನೆ: ಫ್ರೀ ಡಿಶ್ ಬಾಕ್ಸಿನಲ್ಲಿ ಸ್ಟ್ರೆಂತ್ 80 ತೋರಿಸುತ್ತದೆ, ಕ್ವಾಲಿಟಿ ಸೊನ್ನೆ. ಮಳೆಗೆ ಹೀಗಾಯಿತೇ?
— ಓದುಗರು, ವಾಸ್ಕೊ, ಗೋವಾ

ಉತ್ತರ: ಸ್ಟ್ರೆಂತ್ ಇದ್ದರೆ ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ ಎಂದಷ್ಟೇ ಅರ್ಥ. ಕ್ವಾಲಿಟಿ ಸೊನ್ನೆ ಎಂದರೆ ಸಾಮಾನ್ಯವಾಗಿ ಡಿಶ್ ಬೇರೆ ದಿಕ್ಕಿಗೆ ತಿರುಗಿದೆ. ಬೇಕಾದ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಗೋವಾದಿಂದ ದಿಕ್ಸೂಚಿಯಲ್ಲಿ ಸುಮಾರು 127 ಡಿಗ್ರಿ, ಅಂದರೆ ಆಗ್ನೇಯಕ್ಕೆ. ಎತ್ತರ ನೆಲಮಟ್ಟದಿಂದ ಮೇಲಕ್ಕೆ ಸುಮಾರು 61 ಡಿಗ್ರಿ. ಆಫ್‌ಸೆಟ್ ಡಿಶ್ (ಎಲ್‌ಎನ್‌ಬಿ ನಡುವಿಗಲ್ಲದೆ ಕೆಳಗೆ ಇರುವಂಥದ್ದು) ಕಣ್ಣಿಗೆ ಅದಕ್ಕಿಂತ ನೆಟ್ಟಗೆ ನಿಂತಂತೆ ಕಾಣುತ್ತದೆ, ಅದನ್ನು ನೋಡಿ ಇನ್ನಷ್ಟು ಮೇಲೆತ್ತಬೇಡಿ. ಬಾಕ್ಸಿನಲ್ಲಿ ಎಲ್‌ಎನ್‌ಬಿ 9750/10600, ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವಿ, ಸಿಂಬಲ್ ರೇಟ್ 29500 ಹಾಕಿ. ಒಬ್ಬರು ಪರದೆ ನೋಡುತ್ತಿರಲಿ, ಇನ್ನೊಬ್ಬರು ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿ ಎರಡು ಕ್ಷಣ ಕಾಯಲಿ. ಕ್ವಾಲಿಟಿ ತಡವಾಗಿ ಏರುತ್ತದೆ. ಆ ದಿಕ್ಕಿನಲ್ಲಿ ತೆಂಗಿನ ಗರಿ ಅಡ್ಡ ಇದ್ದರೆ ಜಾಗವನ್ನೇ ಬದಲಿಸಿ.

ಜಡಿಮಳೆಯಲ್ಲಿ ಚಿತ್ರ ಹೋಗಿ ಮತ್ತೆ ಬರುವುದು ಫ್ರೀ ಡಿಶ್ ಬಳಸುವ ಕೆಯು ಬ್ಯಾಂಡ್ ತರಂಗಗಳ ಸ್ವಭಾವ. ತುಂತುರಿಗೂ ಹೋದರೆ ಎಲ್‌ಎನ್‌ಬಿ ಕಡೆಯ ಕನೆಕ್ಟರ್ ಬಿಚ್ಚಿ ನೋಡಿ. ಉಪ್ಪುಗಾಳಿಗೆ ತಾಮ್ರದ ತಂತಿ ಹಸಿರಾಗಿರುತ್ತದೆ. ಕೇಬಲ್ ಎರಡಿಂಚು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ನೀರು ಇಳಿದು ತೊಟ್ಟಿಕ್ಕುವಂತೆ ಕೇಬಲ್ ಕೆಳಗೆ ಜೋತುಬಿಟ್ಟಿರಲಿ.

ಪ್ರಶ್ನೆ: ಹಾಸ್ಟೆಲಿನಲ್ಲಿ ಡಿಶ್ ಇಡುವಂತಿಲ್ಲ. ಬೇರೆ ದಾರಿ?
— ಓದುಗರು, ಪುಣೆ

ಉತ್ತರ: ಪ್ರಸಾರ ಭಾರತಿಯದೇ ವೇವ್ಸ್ ಆ್ಯಪ್ ಇದೆ, 2024ರ ನವೆಂಬರ್‌ನಲ್ಲಿ ಗೋವಾದಲ್ಲೇ ಶುರುವಾದದ್ದು. ದೂರದರ್ಶನದ ಹಳೆಯ ಕಾರ್ಯಕ್ರಮ ಇಷ್ಟಪಡುವವರಿಗೆ ಒಳ್ಳೆಯದು. ಡೇಟಾ ಕಡಿಮೆ ಇದ್ದರೆ ವಿಡಿಯೋ ಗುಣಮಟ್ಟವನ್ನು ಆಟೋದಲ್ಲಿ ಬಿಡದೆ 480ಕ್ಕೆ ಇಳಿಸಿ.