ನಾಯಿ ಜೊತೆ ಮೈಸೂರಿಗೆ: ನನ್ನ ಉತ್ತರ
ನಿಮ್ಮ ಲ್ಯಾಬ್ರಡಾರ್ ಕರೆದುಕೊಂಡು ಬೆಂಗಳೂರಿಂದ ಮೈಸೂರಿಗೆ ದಸರಾ ನೋಡಲು ರೈಲಲ್ಲಿ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಬಹುದು, ಆದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ (ಇಬ್ಬರ ಕೋಣೆ) ಅಥವಾ ಕ್ಯಾಬಿನ್ (ನಾಲ್ವರ ಕೋಣೆ) ನಿಮಗೇ ಸಿಗಬೇಕು. ಚೇರ್ ಕಾರ್, ಸ್ಲೀಪರ್‌ನಲ್ಲಿ ಬಿಡುವುದಿಲ್ಲ. ಇನ್ನುಳಿದದ್ದು ಗಾರ್ಡ್ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. ಅಷ್ಟು ದೊಡ್ಡ ನಾಯಿಯನ್ನು ಅದರೊಳಗೆ ತುರುಕಲು ನನಗಂತೂ ಮನಸ್ಸು ಬರುವುದಿಲ್ಲ. ಸುಮಾರು 145 ಕಿ.ಮೀ. ದಾರಿ ಅಲ್ವಾ, ಕಾರಲ್ಲೇ ಹೋಗಿ. ಹೊರಡುವ ಮುಂಚೆ ಜಾಸ್ತಿ ತಿನ್ನಿಸಬೇಡಿ, ವಾಂತಿ ಮಾಡಿಕೊಳ್ಳುತ್ತದೆ. ರೇಬಿಸ್ ಲಸಿಕೆಯ ಪುಸ್ತಕ ಜೊತೆಗಿರಲಿ.

ದಸರಾ ಮಾತ್ರ ಬೇಡವೇ ಬೇಡ. ವಿಜಯದಶಮಿಯ ದಿನ ಕುಶಾಲತೋಪು ಹಾರಿಸುತ್ತಾರೆ, ಜನಜಂಗುಳಿ ಬೇರೆ. ಪಟಾಕಿಗೇ ಮಂಚದಡಿ ಸೇರುವ ನಾಯಿ ಅದನ್ನು ಹೇಗೆ ತಡೆದೀತು? ಡಿಸೆಂಬರ್, ಜನವರಿಯ ತಂಪಲ್ಲಿ ಹೋಗಿ.

ಅರಮನೆ, ಮೃಗಾಲಯದೊಳಗೆ ನಾಯಿಗೆ ಪ್ರವೇಶವಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಾಯಿ ಜೊತೆ ಇರಿ. ಕಿಟಕಿ ಸ್ವಲ್ಪ ಇಳಿಸಿದ್ದೇವೆ ಅಂತ ಕಾರಲ್ಲಿ ಬಿಟ್ಟು ಹೋಗಬೇಡಿ, ಬಿಸಿಲಿಗೆ ಕೆಲವೇ ನಿಮಿಷದಲ್ಲಿ ಒಳಗೆ ಕಾದುಬಿಡುತ್ತದೆ. ಬೆಳಗ್ಗೆ ಯಾದವಗಿರಿಯ ಮರದ ನೆರಳಿನ ರಸ್ತೆಗಳಲ್ಲಿ ಸುಮ್ನೆ ಸುತ್ತಾಡಿಸಿ. ನಾಯಿಗೆ ಅರಮನೆಗಿಂತ ಅದೇ ಖುಷಿ.

ಹೋಟೆಲ್‌ಗೆ ಮೊದಲೇ ಫೋನ್ ಮಾಡಿ ನಾಯಿಯ ತೂಕವನ್ನೂ ಹೇಳಿಬಿಡಿ. ನಾವು ಒಮ್ಮೆ ಹೇಳದೆ ಹೋಗಿ ರಾತ್ರಿ ಹತ್ತಕ್ಕೆ ಬೇರೆ ರೂಮು ಹುಡುಕಿದ್ದೆವು.