ಸೂಜಿ, ಕಡ್ಡಿ, ದಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಮಹಿಳೆಯರಿಗೆ ಯಂತ್ರದಲ್ಲಿ ರವಿಕೆ, ಲಂಗ ಹೊಲಿಯುವುದು ಗೊತ್ತು. ಈಗ ಕಾಸರಗೋಡು ಸೀರೆಗಳ ಸೆರಗಿಗೆ ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ) ಕುಚ್ಚು ಹಾಕುವುದನ್ನು ವಿಡಿಯೋ ನೋಡಿ ಕಲಿಯುತ್ತಿದ್ದೇವೆ. ಆದರೆ ಅಂಚು ಸುಕ್ಕುಗಟ್ಟುತ್ತದೆ, ರೇಷ್ಮೆ ದಾರ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಏನು ಮಾಡಬೇಕು, ಅಕ್ಕ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ನೀವು ಒಂದೇ ಸಲಕ್ಕೆ ಮೂರು ಹೊಸ ಕೆಲಸಗಳಿಗೆ ಕೈಹಾಕಿದ್ದೀರಿ. ಕ್ರೋಶಾ ಕಡ್ಡಿ ಹಿಡಿಯುವುದು ಒಂದು, ಜಾರುವ ದಾರವನ್ನು ಬೆರಳಲ್ಲಿ ಹದವಾಗಿ ಬಿಡುವುದು ಇನ್ನೊಂದು, ಕೈಮಗ್ಗದ ಹತ್ತಿ ಬಟ್ಟೆಗೆ ಹಾನಿಯಾಗದಂತೆ ಕಡ್ಡಿ ತೂರಿಸುವುದು ಮತ್ತೊಂದು. ಮೂರೂ ಹೊಸದಾಗಿರುವಾಗ ಕೆಲಸ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಹುಡುಕುವುದೇ ಕಷ್ಟ. ಆದ್ದರಿಂದ ಮೊದಲು ಸೀರೆಯನ್ನು ಬದಿಗಿಟ್ಟು, ಒಂದು ಕರವಸ್ತ್ರದ ನಾಲ್ಕು ಅಂಚುಗಳಿಗೆ ಹುರಿಯಾದ ಹತ್ತಿಯ ಕ್ರೋಶಾ ದಾರದಲ್ಲಿ ಸರಪಳಿ ಹೆಣಿಗೆಯ ಅಂಚನ್ನು ಮಾತ್ರ ಹಾಕಿ. ಅದು ಕೈಗೆ ಕೂತ ಮೇಲೆ ಅದೇ ಅಂಚನ್ನು ರೇಷ್ಮೆ ದಾರದಲ್ಲಿ ಹಾಕಿ ನೋಡಿ. ಸೀರೆಯ ಸರದಿ ಅದರ ನಂತರ.

ಅಂಚು ಸುಕ್ಕುಗಟ್ಟುವುದಕ್ಕೆ ಕಾರಣ ಸರಳವಾದ ಲೆಕ್ಕದಲ್ಲಿದೆ. ಸೆರಗಿನ ಅಂಚನ್ನು ಎರಡು ಬಾರಿ ಸಣ್ಣದಾಗಿ ಮಡಚಿ ಯಂತ್ರದಲ್ಲಿ ಹೊಲಿದುಕೊಳ್ಳಿ. ಅದು ನಿಮಗೆ ಬರುವ ಕೆಲಸವೇ. ಆ ಹೊಲಿಗೆಯ ಗುಂಟ 1 ಸೆಂ.ಮೀ.ಗೊಂದರಂತೆ ಸೀಮೆಸುಣ್ಣದ ಗುರುತು ಹಾಕಿ. ಎರಡು ಗುರುತುಗಳ ನಡುವೆ ನೀವು ಹೆಣೆಯುವ ಸರಪಳಿಯ ಉದ್ದ 1 ಸೆಂ.ಮೀ.ಗಿಂತ ಕಡಿಮೆಯಾದರೆ ಬಟ್ಟೆ ಒಳಕ್ಕೆ ಎಳೆದು ಸುಕ್ಕಾಗುತ್ತದೆ, ಹೆಚ್ಚಾದರೆ ಅಂಚು ಅಲೆ ಅಲೆಯಾಗಿ ನಿಲ್ಲುತ್ತದೆ. ವಿಡಿಯೋದಲ್ಲಿ ಮೂರು ಸರಪಳಿ ಎಂದಿದ್ದರೆ ಅದು ಅವರ ದಾರ, ಅವರ ಕಡ್ಡಿ, ಅವರ ಕೈಯ ಬಿಗಿಗೆ ಸರಿಯಾದ ಸಂಖ್ಯೆ. ನಿಮ್ಮದು ನಾಲ್ಕಾದರೂ ಆಗಬಹುದು. 10 ಸೆಂ.ಮೀ.ನಷ್ಟು ಹೆಣೆದು, ಇಸ್ತ್ರಿ ಹಾಕದೆ ಮೇಜಿನ ಮೇಲೆ ಹರಡಿ ನೋಡಿದರೆ ಸಂಖ್ಯೆ ತಾನಾಗಿ ತಿಳಿಯುತ್ತದೆ. ಸೆರಗಿನ ಅಗಲ ಸಾಮಾನ್ಯವಾಗಿ 115ರಿಂದ 120 ಸೆಂ.ಮೀ. ಇರುವುದರಿಂದ, ಇಡೀ ಅಂಚು ಹೆಣೆದು ಮುಗಿಸಿ ಬಿಚ್ಚುವುದಕ್ಕಿಂತ ಈ ಹತ್ತನ್ನು ಎರಡು ಸಲ ಬಿಚ್ಚುವುದು ಎಷ್ಟೋ ಮೇಲು. ವಿಡಿಯೋದವರು ಹತ್ತು ನಿಮಿಷದಲ್ಲಿ ಸೆರಗು ಮುಗಿಸಿ ತೋರಿಸುವುದು ಬಿಚ್ಚಿದ ಭಾಗವನ್ನೆಲ್ಲ ಕತ್ತರಿಸಿ ತೆಗೆದ ಮೇಲೆ ಎಂಬುದು ನೆನಪಿರಲಿ.

ಕಡ್ಡಿಯನ್ನು ಮಡಿಕೆಯ ಹೊಲಿಗೆಗೆ ತುಸು ಮೇಲೆ, ಅಂದರೆ ಒಂಟಿ ಪದರದ ಭಾಗದಲ್ಲಿ ತೂರಿಸಬೇಡಿ. ಮಡಿಕೆಯೊಳಗೇ, ಬಟ್ಟೆ ಎರಡು–ಮೂರು ಪದರವಾಗಿರುವಲ್ಲಿ ತೂರಿಸಿದರೆ ಮಾತ್ರ ಕುಚ್ಚಿನ ಭಾರ ತಡೆಯುತ್ತದೆ. 1 ಮಿ.ಮೀ. ದಪ್ಪದ ಉಕ್ಕಿನ ಕಡ್ಡಿಯಾದರೂ ಅದರ ಕೊಕ್ಕೆ ಹತ್ತಿಯ ಎಳೆಗೆ ಸಿಕ್ಕಿ ಹರಿಯಬಹುದು. ಆದಕಾರಣ ಮೊಂಡು ತುದಿಯ ದಪ್ಪ ಸೂಜಿಯಿಂದ ಎಳೆಗಳನ್ನು ಮೆಲ್ಲನೆ ಸರಿಸಿ ದಾರಿ ಮಾಡಿಕೊಂಡು, ಆ ತೂತಿನಲ್ಲೇ ಕಡ್ಡಿ ಹಾಕುವುದು ಕ್ಷೇಮ. ರೇಷ್ಮೆ ದಾರ ಬಿಟ್ಟುಕೊಳ್ಳುವುದು ಕೊಕ್ಕೆ ಎಲ್ಲ ಎಳೆಗಳನ್ನೂ ಒಟ್ಟಿಗೆ ಹಿಡಿಯದೆ ಒಂದೆರಡನ್ನು ಹೊರಗೆ ಬಿಟ್ಟಾಗ. ಎಡಗೈ ತೋರುಬೆರಳಿಗೆ ದಾರವನ್ನು ಇನ್ನೊಂದು ಸುತ್ತು ಸುತ್ತಿ ಬಿಗಿಯಾಗಿಟ್ಟುಕೊಂಡರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ.

ಕೊನೆಯದಾಗಿ, ಬಣ್ಣದ ವಿಚಾರ. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ, ಅಂದರೆ ಆ ಊರಿನದೇ ಉತ್ಪನ್ನವೆಂಬ ಗುರುತಿನ, ಮಾನ್ಯತೆಯಿದೆ. ಕೊಳ್ಳುವವರು ಅದನ್ನು ಮನೆಯಲ್ಲೇ ಒಗೆದು ವರ್ಷಗಟ್ಟಲೆ ಉಡುತ್ತಾರೆ. ಅಗ್ಗದ ಕೆಂಪು ದಾರದ ಕುಚ್ಚು ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೆ ಹೋಗುವುದು ಸೀರೆಯೂ ಹೌದು, ನಿಮ್ಮ ಘಟಕದ ಹೆಸರೂ ಹೌದು. ಪ್ರತಿ ಹೊಸ ಉಂಡೆಯಿಂದ ಒಂದು ತುಂಡು ಕತ್ತರಿಸಿ, ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಒತ್ತಿಟ್ಟು ಪರೀಕ್ಷಿಸದೆ ಗಿರಾಕಿಗಳ ಸೀರೆಗೆ ಹಾಕಬೇಡಿ.

ಪ್ರಶ್ನೆ: ಪುಸ್ತಕದಲ್ಲಿ ಹೇಳಿದಂತೆಯೇ ಡಬಲ್ ಕ್ರೋಶಾ ಹಾಕಿದರೂ ನನ್ನ ಹೂವು ಚಿತ್ರದಲ್ಲಿರುವುದಕ್ಕಿಂತ ಅಗಲವಾಗಿ, ಸಡಿಲವಾಗಿ ಬರುತ್ತದೆ. ದಾರ, ಕಡ್ಡಿ ಎರಡೂ ಅವರು ಹೇಳಿದ್ದೇ.
— ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ನಿಮ್ಮ ಕೈಯಲ್ಲಿ ದೋಷವಿಲ್ಲ. ಬ್ರಿಟನ್ನಿನ ಪುಸ್ತಕಗಳು ಡಬಲ್ ಎನ್ನುವ ಗಿಡ್ಡ ಹೆಣಿಗೆಯನ್ನೇ ಅಮೆರಿಕದವರು ಸಿಂಗಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನವರಿಗೆ ಟ್ರೆಬಲ್, ಅದು ಇನ್ನಷ್ಟು ಎತ್ತರ. ನೀವು ಅಮೆರಿಕದ ವಿಡಿಯೋಗಳಿಂದ ಕಲಿತು, ಬ್ರಿಟಿಷ್ ಪುಸ್ತಕ ಇಟ್ಟುಕೊಂಡಿರುವಂತೆ ತೋರುತ್ತದೆ. ಪುಸ್ತಕದಲ್ಲಿ ಎಲ್ಲಿಯೂ ಸಿಂಗಲ್ ಎಂಬ ಮಾತೇ ಬಾರದಿದ್ದರೆ ಅದು ಬ್ರಿಟಿಷ್ ಪದ್ಧತಿಯದೆಂದು ತಿಳಿಯಬಹುದು.

ಪ್ರಶ್ನೆ: ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಚಳಿ ಜೋರು. ಮಫ್ಲರ್ ಹೆಣೆಯಲು ಬರುತ್ತದೆಂಬ ಧೈರ್ಯದಿಂದ ಮೊಮ್ಮಗನಿಗೆ ಸ್ವೆಟರ್ ಹಾಕಿದೆ. ಪುಸ್ತಕದಲ್ಲಿದ್ದಷ್ಟೇ ಕುಣಿಕೆ ಏರಿಸಿದರೂ ಅದು ಅವನಿಗೆ ದೊಗಳೆಯಾಯಿತು.
— ಓದುಗರು, ಡೆಂಕಣಿಕೋಟೆ

ಉತ್ತರ: ಮಫ್ಲರ್ ನಾಲ್ಕು ಬೆರಳು ಹೆಚ್ಚು ಅಗಲವಾದರೂ ಯಾರೂ ಕೇಳುವುದಿಲ್ಲ. ಅದಕ್ಕಾಗಿಯೇ ಅದು ಕಲಿಯುವವರಿಗೆ ಒಳ್ಳೆಯದು, ಅದಕ್ಕಾಗಿಯೇ ಅದು ಅಳತೆಯನ್ನು ಕಲಿಸುವುದೂ ಇಲ್ಲ. ಸ್ವೆಟರಿಗೆ ಮುನ್ನ ಮಾದರಿ ತುಂಡೊಂದನ್ನು ಹೆಣೆಯಲೇಬೇಕು. ಅದೇ ಉಲ್ಲನ್, ಅದೇ ಕಡ್ಡಿಯಲ್ಲಿ ಸುಮಾರು 15 ಸೆಂ.ಮೀ. ಚೌಕದ ತುಂಡು ಹೆಣೆದು, ಒಗೆದು ಒಣಗಿಸಿ, ಅಂಚುಗಳನ್ನು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿ.

ಮಗುವಿನ ಎದೆಯ ಸುತ್ತಳತೆ 56 ಸೆಂ.ಮೀ. ಎಂದುಕೊಳ್ಳಿ. ಒಳಗೆ ಅಂಗಿ ಹಾಕಲು 6 ಸೆಂ.ಮೀ. ಸಡಿಲ ಸೇರಿಸಿದರೆ 62. ಪುಸ್ತಕ ಬರೆದವರ ಕೈಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬಂದಿದ್ದರೆ, ಮುಂಭಾಗಕ್ಕೆ 68, ಹಿಂಭಾಗಕ್ಕೆ 68, ಒಟ್ಟು 136 ಕುಣಿಕೆ ಎಂದು ಅವರು ಬರೆದಿರುತ್ತಾರೆ. ನಿಮ್ಮ ಕೈ ಸಡಿಲವಾಗಿ, 20 ಕುಣಿಕೆಗೇ 10 ಸೆಂ.ಮೀ. ತುಂಬಿದರೆ ಅದೇ 136 ಕುಣಿಕೆ 68 ಸೆಂ.ಮೀ. ಆಗುತ್ತದೆ. 10 ಸೆಂ.ಮೀ.ನಲ್ಲಿ ಎರಡೇ ಕುಣಿಕೆಯ ವ್ಯತ್ಯಾಸ ಮೈಮೇಲೆ 6 ಸೆಂ.ಮೀ. ದೊಗಳೆಯಾಗುವುದು ಹೀಗೆ. ಪರಿಹಾರ ಕಡ್ಡಿ ಬದಲಿಸುವುದು. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ಸಂಖ್ಯೆಯ ಕಡ್ಡಿಗಳು ಇನ್ನೂ ಸಿಗುತ್ತವೆ. ಅವುಗಳಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ತೆಳ್ಳಗಾಗುತ್ತದೆ. 8ನೆಯದು 4 ಮಿ.ಮೀ., 9ನೆಯದು 3.75, 10ನೆಯದು 3.25. ನೀವು 8ರಲ್ಲಿ ಹೆಣೆದಿದ್ದರೆ 9ರಲ್ಲಿ ಮತ್ತೊಂದು ತುಂಡು ಹೆಣೆದು ನೋಡಿ. ಕೈಯನ್ನು ಬಲವಂತದಿಂದ ಬಿಗಿ ಮಾಡಲು ಹೋಗಬೇಡಿ. ಮೊದಲ ಎರಡು ಸಾಲು ಬಿಗಿಯಾಗಿ ಬಂದು, ಮಾತಿಗೆ ಕೂತೊಡನೆ ಮತ್ತೆ ಸಡಿಲವಾಗುತ್ತದೆ.

ದೊಗಳೆ ಸ್ವೆಟರನ್ನು ಬಿಚ್ಚಬೇಡಿ, ಮುಂದಿನ ಚಳಿಗಾಲಕ್ಕೆ ಅದು ಸರಿಹೋಗುತ್ತದೆ. ಈ ನಡುವೆ ಅವನಿಗೊಂದು ಟೊಪ್ಪಿಗೆ ಹೆಣೆದರೆ ಕುಣಿಕೆ ಇಳಿಸುವುದು ಅಭ್ಯಾಸವಾಗುತ್ತದೆ. ಆಮೇಲೆ ಕೈಯಿಲ್ಲದ ಸ್ವೆಟರ್ ಹಾಕಿದರೆ, ಕಂಕುಳ ಮತ್ತು ಕುತ್ತಿಗೆಯ ಬಳಿ ಕುಣಿಕೆ ಎತ್ತಿಕೊಳ್ಳುವುದೊಂದೇ ಹೊಸದಾಗಿ ಉಳಿಯುತ್ತದೆ. ಉಲ್ಲನ್ ಎಂದು ಕೊಂಡದ್ದು ಅಕ್ರಿಲಿಕ್ ಆಗಿದ್ದರೆ ಅದರ ಮೇಲೆ ಬಿಸಿ ಇಸ್ತ್ರಿ ಇಡಬೇಡಿ. ಒಮ್ಮೆ ಕಾವಿಗೆ ಜೋಲುಬಿದ್ದ ಹೆಣಿಗೆ ಮತ್ತೆ ಮೇಲೇಳುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜಿಯ ಇಳಕಲ್ ಸೀರೆಯ ಕಸೂತಿ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ನಾನು ಹಾಕಿದ ಗವಂತಿಯ (ಎರಡೂ ಬದಿ ಒಂದೇ ಥರ ಕಾಣಬೇಕಾದ ಕಸೂತಿಯ ಗೆರೆ ಹೊಲಿಗೆ) ಹಿಂಬದಿ ಅಡ್ಡಾದಿಡ್ಡಿ ಎಳೆಗಳಿಂದ ತುಂಬಿಹೋಗಿದೆ.
— ಓದುಗರು, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ಗವಂತಿಯಲ್ಲಿ ಸೂಜಿ ಹೋಗುವ ದಾರಿಯನ್ನು ಮೊದಲೇ ಯೋಚಿಸಿಕೊಳ್ಳಬೇಕು, ಹೊಲಿಗೆ ಆಮೇಲಿನ ಮಾತು. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಹಿಂತಿರುಗುವುದು ಎಂಬುದು ನಿಮಗೆ ಗೊತ್ತೇ ಇದೆ. ತೊಡಕಾಗುವುದು ಕವಲುಗಳಲ್ಲಿ. ತುಳಸಿಕಟ್ಟೆಯ ಬದಿಯಿಂದ ಒಂದು ಎಲೆ ಹೊರಗೆ ಚಾಚಿದ್ದರೆ, ಮುಖ್ಯ ಗೆರೆಯಲ್ಲಿ ಆ ಕವಲು ಬಂದೊಡನೆ ಅತ್ತ ತಿರುಗಿ, ಎಲೆಯ ತುದಿಯವರೆಗೆ ಹೋಗಿ, ತುಂಬುತ್ತಾ ಬುಡಕ್ಕೆ ಮರಳಿ, ಅದನ್ನು ಮುಗಿಸಿಯೇ ಮುಖ್ಯ ಗೆರೆಯಲ್ಲಿ ಮುಂದುವರಿಯಬೇಕು. ಎಲೆಗಳನ್ನು ಕೊನೆಗೆ ನೋಡಿಕೊಳ್ಳೋಣವೆಂದು ಬಿಟ್ಟವರ ಸೂಜಿ ಹಿಂಬದಿಯಲ್ಲಿ ಹಾರಬೇಕಾಗುತ್ತದೆ. ನಿಮ್ಮ ಅಡ್ಡ ಎಳೆಗಳು ಹುಟ್ಟಿದ್ದು ಹಾಗೆಯೇ.

ಗಂಟನ್ನೂ ಹಾಕಬೇಡಿ. ಆರಂಭದಲ್ಲಿ ಬೆರಳುದ್ದ ದಾರ ಬಿಟ್ಟು, ಅದನ್ನು ಹಿಂತಿರುಗುವ ಹೊಲಿಗೆಗಳೊಳಗೆ ಸೇರಿಸಿಬಿಡಿ. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯಲ್ಲಿ ಮೊದಲು ಗವಂತಿ, ಬಳಿಕ ಮೆಟ್ಟಿಲಿನಂತೆ ಸಾಗುವ ಮುರಗಿಯನ್ನು ಕಲಿಯಿರಿ. ಮೆಂತೆ ಹೊಲಿಗೆಯ ಹಿಂಬದಿ ಮುಂಬದಿಯಂತೆ ಕಾಣದಿದ್ದರೆ ಚಿಂತೆ ಬೇಡ. ಅದು ಅಡ್ಡಗತ್ತರಿ ಹೊಲಿಗೆ, ಅಜ್ಜಿಯವರ ಕೈಯಲ್ಲೂ ಹಾಗೆಯೇ ಇರುತ್ತದೆ.

ಪ್ರಶ್ನೆ: ಊರಲ್ಲಿ ಜೀನ್ಸ್ ಹೊಲಿಯುವವರು ಬಹಳ ಮಂದಿ, ಬಟ್ಟೆಯ ತುಂಡುಗಳು ಸುಲಭವಾಗಿ ಸಿಗುತ್ತವೆ. ಮನೆಯ ಯಂತ್ರದಲ್ಲಿ ಚೀಲ ಹೊಲಿಯಲು ಹೋದರೆ ಸೂಜಿ ಮುರಿಯುತ್ತದೆ.
— ಓದುಗರು, ರಾಯದುರ್ಗ

ಉತ್ತರ: ರವಿಕೆಗೆ ಹಾಕುವ 11 ಅಥವಾ 14ರ ಸೂಜಿ ತೆಗೆದು 16 ಅಥವಾ 18ರ ಸೂಜಿ ಹಾಕಿ, ಹೊಲಿಗೆಯನ್ನು ತುಸು ಉದ್ದ ಮಾಡಿ. ಸೂಜಿ ಹೆಚ್ಚಾಗಿ ಮುರಿಯುವುದು ಎರಡು ಹೊಲಿಗೆಗಳು ಕೂಡುವ ದಿಬ್ಬದಲ್ಲಿ. ಅಲ್ಲಿ ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದ ಮುಂದಕ್ಕೆ ಎದ್ದು ವಾಲುತ್ತದೆ. ಅದೇ ದಪ್ಪಕ್ಕೆ ಮಡಚಿದ ಬಟ್ಟೆಯ ತುಂಡೊಂದನ್ನು ಪಾದದ ಹಿಂಭಾಗದ ಅಡಿಗೆ ಇಟ್ಟು ಸಮಮಾಡಿ, ಕಾಲು ತುಳಿಯದೆ ಕೈಯಿಂದ ಗಾಲಿ ತಿರುಗಿಸಿ ದಿಬ್ಬ ದಾಟಿಸಿ. ಬಟ್ಟೆಯನ್ನು ಹಿಂದಿನಿಂದ ಎಳೆಯುವ ಅಭ್ಯಾಸವಿದ್ದರೆ ಬಿಡಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ಕಾಲ್ತುಳಿತದ ಯಂತ್ರ ಮೊಂಡು ಹಿಡಿಯುತ್ತದೆ. ಗಾಲಿ ತಿರುಗಿದರೂ ಸೂಜಿ ಏಳುವುದಿಲ್ಲ, ಕ್ರೋಶಾ ಕಡ್ಡಿಗಳೂ ತುಕ್ಕು ಹಿಡಿಯುತ್ತವೆ.
— ಓದುಗರು, ಕುಂಬಳೆ

ಉತ್ತರ: ಕರಾವಳಿಯ ತೇವಕ್ಕೆ ಚರ್ಮದ ಬೆಲ್ಟ್ ಹಿಗ್ಗಿ ಜಾರುತ್ತಿದೆ. ತಂತಿಯ ಕೊಂಡಿ ಬಿಚ್ಚಿ, ಅರ್ಧ ಇಂಚಿನಷ್ಟು ಕತ್ತರಿಸಿ, ಹೊಸ ತೂತು ಮಾಡಿ ಮತ್ತೆ ಸಿಕ್ಕಿಸಿ. ಒಮ್ಮೆಗೇ ಹೆಚ್ಚು ಕತ್ತರಿಸಿದರೆ ಬೇಸಿಗೆಯಲ್ಲಿ ಬೆಲ್ಟ್ ಬಿಗಿದು ತುಳಿಯುವುದೇ ಭಾರವಾಗುತ್ತದೆ. ಉಕ್ಕಿನ ಕಡ್ಡಿಗಳನ್ನು ಬೆವರು ಒರಸಿ, ಯಂತ್ರದ ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಮತ್ತೆ ಬಳಸುವ ಮುನ್ನ ಒಣ ಬಟ್ಟೆಯಿಂದ ಒರಸಿಕೊಳ್ಳಿ. ಈಗಾಗಲೇ ತುಕ್ಕಿನಿಂದ ಒರಟಾದ ಕಡ್ಡಿಯನ್ನು ರೇಷ್ಮೆ ದಾರಕ್ಕೆ ಬಳಸಬೇಡಿ. ಯಂತ್ರಕ್ಕೆ ಎಣ್ಣೆ ಬಿಟ್ಟ ದಿನ, ಬಿಳಿ ಮುಂಡಿನ ಅಂಚು ಹೊಲಿಯಲು ಕೂರುವ ಮುನ್ನ, ಹಳೆಯ ಬಟ್ಟೆಯ ಮೇಲೆ ಕಲೆ ಬೀಳುವುದು ನಿಲ್ಲುವವರೆಗೆ ಸ್ವಲ್ಪ ಹೊತ್ತು ಖಾಲಿ ಹೊಲಿಗೆ ಓಡಿಸಿ.